ಹಳೆಯ ಲಂಗ, ಸುತಳಿ, ಉಪ್ಪು

ಬೆನ್ನುಚೀಲದಲ್ಲಿ ಒಂದು ಹಳೆಯ ಲಂಗ ಇಟ್ಟುಕೊಳ್ಳದೆ ಬೆಟ್ಟಕ್ಕೆ ಹೊರಡುವ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂದೇ ನನ್ನ ಅಭಿಪ್ರಾಯ. ಸೀರೆಯ ಒಳಗೆ ಉಡುತ್ತೇವಲ್ಲ, ಅದೇ ಲಂಗ. ಹತ್ತಿಯದಾಗಿರಬೇಕು, ತೊಳೆದೂ ತೊಳೆದೂ ಮೆತ್ತಗಾಗಿರಬೇಕು. ಎದೆಯವರೆಗೆ ಏರಿಸಿ ಲಾಡಿ ಕಟ್ಟಿಕೊಂಡರೆ ನಡುಬಯಲಿನಲ್ಲೂ ಬಟ್ಟೆ ಬದಲಾಯಿಸಬಹುದು. ಪೊದೆಯ ಹಿಂದೆ ಕೂರಬೇಕಾಗಿ ಬಂದರೆ ಅದೇ ಮರೆ. ರಾತ್ರಿ ಲಾಡಿ ಎಳೆದು ಒಂದು ಬಾಯಿ ಬಿಗಿದು, ಒಳಗೆ ನಾಳೆಯ ಬಟ್ಟೆ ತುರುಕಿ ಇನ್ನೊಂದು ಬಾಯಿ ಗಂಟು ಹಾಕಿದರೆ ತಲೆದಿಂಬು. ಮುಂಬಯಿಯ ದಾದರಿನಲ್ಲಿ ಬೆಟ್ಟದ ಸಾಮಾನು ಮಾರುವ ಅಂಗಡಿಗೆ ಹೋಗಿ ನೋಡಿ. ಮರೆಗೊಂದು ಡೇರೆ, ಒರೆಸಲೊಂದು ಟವೆಲ್ಲು, ತಲೆಗೊಂದು ಗಾಳಿ ದಿಂಬು ಎಂದು ಮೂರು ಪ್ಯಾಕೆಟ್ ಕೈಗಿಡುತ್ತಾರೆ. ಲಂಗ ಎಂದರೆ ಅಂಗಡಿಯವನು ಮುಖ ತಿರುಗಿಸುತ್ತಾನೆ. ಅವನ ಅಮ್ಮ ಏನು ಉಡುತ್ತಾಳೋ ದೇವರಿಗೇ ಗೊತ್ತು.

ಲಂಗ ಒಂದೇ ಅಲ್ಲ. ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನು ಒಂದು ಮೂಲೆ ಮಾತ್ರ ಕತ್ತರಿಸಿ, ತೊಳೆದು, ಅಡುಗೆಮನೆಯ ಟೈಲ್ಸಿಗೆ ಅಂಟಿಸಿ ಒಣಗಿಸಿ ಇಟ್ಟುಕೊಳ್ಳುತ್ತೇನೆ. ಮೇಲ್ಬದಿಯನ್ನು ಪೂರ್ತಿ ತೆರೆದರೆ ಕಾಲುಚೀಲ, ಔಷಧಿ, ಫೋನು ಎಲ್ಲ ಅದರಲ್ಲಿ ಹಿಡಿಯುತ್ತದೆ, ಬಾಯಿ ಮಡಚಿಟ್ಟರೆ ಎಂಥ ಮಳೆ ಬಂದರೂ ಒಂದು ಹನಿ ಒಳಗೆ ಹೋಗುವುದಿಲ್ಲ. ಕೌದಿ ಹೊಲಿಯುವ ದಪ್ಪ ದಾರ ಒಂದು ಉಂಡೆ, ಅದಕ್ಕೆ ತಕ್ಕ ಸೂಜಿ. ಎರಡು ಮಾರು ಸುತಳಿ. ಚೀಲದ ಜಿಪ್ಪು ಬಿಗಿಯಾದರೆ ಉಜ್ಜಲು ಒಂದು ಮೋಂಬತ್ತಿಯ ತುಂಡು. ಒದ್ದೆಯಾದ ಬೂಟಿನೊಳಗೆ ತುರುಕಲು ಹಳೆಯ ಪೇಪರು. ಮನೆಯವರ ಹರಿದ ಧೋತರದ ಅರ್ಧ. ಮಾತ್ರೆಯ ಖಾಲಿ ಡಬ್ಬಿಯಲ್ಲಿ ಉಪ್ಪು, ಇನ್ನೊಂದರಲ್ಲಿ ಸಕ್ಕರೆ. ಸೇಫ್ಟಿ ಪಿನ್ನುಗಳನ್ನು ಚೀಲದಲ್ಲಿ ಹಾಕುವುದಿಲ್ಲ. ಅವು ಹೇಗೂ ನನ್ನ ಬಳೆಯಲ್ಲೇ ನೇತಾಡುತ್ತಿರುತ್ತವೆ.

ಇವನ್ನೆಲ್ಲ ನಾನು ಯಾವ ಪುಸ್ತಕ ಓದಿ ಕಲಿತದ್ದಲ್ಲ. ಕಾರ್ಪೊರೇಶನ್ನಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತ, ರಜೆ ಸಿಕ್ಕಾಗಲೆಲ್ಲ ಮುಲುಂಡಿನಿಂದ ಮೊದಲ ಲೋಕಲ್ ಹಿಡಿದು ಕರ್ಜತ್ ಕಡೆಯ, ಕಸಾರಾ ಕಡೆಯ ಗುಡ್ಡ ಹತ್ತುತ್ತ, ಬಿದ್ದು, ನೆಂದು, ಎಲ್ಲರೆದುರು ಮರ್ಯಾದೆ ಕಳೆದುಕೊಂಡು ಕಲಿತದ್ದು. ಆದ್ದರಿಂದ ಯಾರಾದರೂ ನನ್ನ ಚೀಲ ನೋಡಿ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಕ್ಕವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಇವಳ ವಿಷಯ ಸ್ವಲ್ಪ ಹೇಳಲೇಬೇಕು. ಗದಗಿನ ಕಡೆಯಿಂದ ನಾವಿಬ್ಬರೂ ಮದುವೆಯಾಗಿ ಬಂದದ್ದು ಜೋಗೇಶ್ವರಿಯ ಎರಡು ಕೋಣೆಗಳ ಒಂದೇ ಮನೆಗೆ. ಒಂದು ಒಲೆ, ಒಂದು ನಲ್ಲಿ, ಇಬ್ಬರು ಸೊಸೆಯರು. ಅಲ್ಲಿ ಏನೇನು ನಡೆಯಿತು ಎಂದು ಬರೆಯುತ್ತ ಕೂತರೆ ಕಾಗದ ಸಾಲುವುದಿಲ್ಲ. ಅತ್ತೆ ತೀರಿಕೊಂಡ ಮೇಲೆ ನಾವು ಮುಲುಂಡಿಗೆ ಬಂದೆವು, ಅವರು ಗೋರೆಗಾಂವಿಗೆ ಹೋದರು. ನಡುವೆ ಇಡೀ ಊರು ಬಂತಲ್ಲ, ಇನ್ನು ನಿಶ್ಚಿಂತೆ ಎಂದುಕೊಂಡೆ. ಎಲ್ಲಿಯ ನಿಶ್ಚಿಂತೆ. ನಾನು ಗುಡ್ಡ ಹತ್ತಲು ಶುರು ಮಾಡಿದ್ದು ಕಿವಿಗೆ ಬಿದ್ದ ದಿನದಿಂದ ಅವಳು ಪ್ರತಿಯೊಂದು ಮದುವೆ, ಸೀಮಂತ, ಪೂಜೆಯಲ್ಲಿ ಒಂದೇ ಮಾತು ಹೇಳಿಕೊಂಡು ಬಂದಳು.

‘ನಮ್ಮಕ್ಕಾರು ಗಂಡನ್ನ ಉಪಾಸ ಕೆಡವಿ ಗುಡ್ಡ ತಿರಗತಾರ್ರೀ.’

ಅಕ್ಕಾರು, ರೀ, ನೀವು. ಮರ್ಯಾದೆಗೆ ಏನೂ ಕಡಿಮೆಯಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಒಂದು ಸಲವೂ ನನ್ನನ್ನು ಏಕವಚನದಲ್ಲಿ ಮಾತಾಡಿಸಿಲ್ಲ. ಬಹುವಚನದಲ್ಲೇ ಚರ್ಮ ಸುಲಿಯುತ್ತಾಳೆ. ನಮ್ಮ ಮನೆಯವರು ನನಗಿಂತ ಚೆನ್ನಾಗಿ ಅಡುಗೆ ಮಾಡುತ್ತಾರೆ, ನಾನಿಲ್ಲದ ದಿನ ಇನ್ನೂ ಎರಡು ರೊಟ್ಟಿ ಜಾಸ್ತಿ ತಿನ್ನುತ್ತಾರೆ ಎಂಬುದು ಅವಳಿಗೂ ಗೊತ್ತು.

ಇಂಥವಳು ಒಂದು ದಿನ ಗುಡ್ಡ ಹತ್ತುವ ನಮ್ಮ ಗುಂಪಿಗೇ ಸೇರಿಕೊಂಡಳು. ಗೋರೆಗಾಂವಿನ ತನ್ನ ಬಿಲ್ಡಿಂಗಿನಲ್ಲಿ ಯಾರೋ ಬೆಳಿಗ್ಗೆ ನಡೆಯುವವರ ಜೊತೆ ನಡೆದು ಸಕ್ಕರೆ ಕಾಯಿಲೆಯ ಭಯ ಹೋಯಿತಂತೆ, ಮೈ ಹಗುರವಾಯಿತಂತೆ, ಇನ್ನು ಗುಡ್ಡವನ್ನೂ ನೋಡಿಬಿಡೋಣ ಎನಿಸಿತಂತೆ. ಮುಂಬಯಿಯಲ್ಲಿ ಗುಡ್ಡ ಹತ್ತುವ ಗುಂಪುಗಳು ಬೇಕಾದಷ್ಟಿವೆ. ಅವಳಿಗೆ ನನ್ನದೇ ಬೇಕಾಯಿತು. ನನಗಿಂತ ಆರು ವರ್ಷ ಚಿಕ್ಕವಳು, ಕಾಲು ಗಟ್ಟಿ, ಉಸಿರು ಗಟ್ಟಿ. ಒಂದೇ ಮಳೆಗಾಲದಲ್ಲಿ ನನ್ನ ಮುಂದೆ ನಡೆಯತೊಡಗಿದಳು. ನನ್ನ ಹೊಟ್ಟೆ ಉರಿದದ್ದನ್ನು ನಾನೇಕೆ ಮುಚ್ಚಿಡಲಿ. ಚೆನ್ನಾಗಿಯೇ ಉರಿಯಿತು.

ನಮ್ಮ ಗುಂಪಿನ ಮುಂದಾಳು ರೇಲ್ವೆಯಿಂದ ರಿಟೈರ್ ಆದ ಒಬ್ಬ ಮರಾಠಿ ಮನುಷ್ಯ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಅವರು ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಹಿಮಾಲಯಕ್ಕೆ ಒಂದು ಸಣ್ಣ ತಂಡ ಕರೆದುಕೊಂಡು ಹೋಗುತ್ತಾರೆ. ಕುದುರೆ ಇಲ್ಲ, ಕೂಲಿ ಇಲ್ಲ. ಅವರವರ ಚೀಲ ಅವರವರ ಬೆನ್ನ ಮೇಲೆ. ಎರಡು ವಾರ ಹಳ್ಳಿಯಿಂದ ಹಳ್ಳಿಗೆ ನಡೆದು, ಹಿಮದ ಒಂದು ಕಣಿವೆ ದಾಟಿ ಆಚೆ ಇಳಿಯುವುದು. ನಾನು ಹಿಂದೆ ಎರಡು ಸಲ ಹೆಸರು ಕೊಟ್ಟಿದ್ದೆ. ಒಮ್ಮೆ ಮನೆಯವರಿಗೆ ಹೃದಯದ ಆಪರೇಷನ್ ಆಯಿತು. ಇನ್ನೊಮ್ಮೆ ಶಾಲೆಯವರು ಚುನಾವಣೆ ಕೆಲಸಕ್ಕೆ ಹಾಕಿದರು. ಈ ಸಲ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಐವತ್ತೈದು ತುಂಬಿದವರನ್ನು ಕಾಕಾ ಕರೆದುಕೊಂಡು ಹೋಗುವುದಿಲ್ಲ, ಅದು ಅವರ ಕಟ್ಟಪ್ಪಣೆ. ಬರುವ ಚಳಿಗಾಲಕ್ಕೆ ನನಗೆ ಐವತ್ತೈದು. ಹೋದರೆ ಈಗ, ಇಲ್ಲದಿದ್ದರೆ ಇಲ್ಲ.

ತಂಡ ಹೆಚ್ಚುಕಡಿಮೆ ತುಂಬಿತ್ತು, ಒಂದೇ ಜಾಗ ಉಳಿದಿತ್ತು. ನಾನು ಹೆಸರು ಕೊಟ್ಟ ಸುದ್ದಿಯನ್ನು ಮನೆಯವರು ಫೋನಿನಲ್ಲಿ ಹೆಮ್ಮೆಯಿಂದ ತಮ್ಮನಿಗೆ ಹೇಳಿದರು. ಸಂಜೆಯಾಗುವುದರೊಳಗೆ ನೆಗೆಣ್ಣಿಯ ಹೆಸರೂ ಕಾಕಾ ಹತ್ತಿರ ಹೋಯಿತು. ಆ ದಿನ ನಾನು ಮನೆಯವರ ಜೊತೆ ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ.

ಕಾಕಾ ಪಂಚಾಯಿತಿ ಮಾಡುವವರಲ್ಲ. ಏಪ್ರಿಲಿನ ಒಂದು ಭಾನುವಾರ ಬೊರಿವಲಿಯ ನ್ಯಾಶನಲ್ ಪಾರ್ಕಿಗೆ ಬನ್ನಿ ಎಂದರು. ಹಿಮಾಲಯಕ್ಕೆ ಹೋಗುವಷ್ಟೇ ಸಾಮಾನು ತುಂಬಿದ ಚೀಲ ಹೊತ್ತು ಗೇಟಿನಿಂದ ಗುಹೆಗಳವರೆಗೆ, ಅಲ್ಲಿಂದ ಗುಡ್ಡದ ನೆತ್ತಿಗೆ, ಮತ್ತೆ ವಾಪಸ್ ಗೇಟಿಗೆ. ನಿಯಮ ಎರಡೇ: ಒಬ್ಬರ ಚೀಲ ಇನ್ನೊಬ್ಬರು ಹೊರಬಾರದು, ಒಳಗೆ ಹೋದ ಸಾಮಾನೆಲ್ಲ ಹೊರಗೆ ಬರಬೇಕು, ಅಂದರೆ ಕಾಡಿನಲ್ಲಿ ಒಂದು ಪ್ಲಾಸ್ಟಿಕ್ ಚೂರೂ ಉಳಿಯಬಾರದು. ನಮ್ಮಿಬ್ಬರಲ್ಲಿ ಯಾರು ಮೊದಲು ಗೇಟಿಗೆ ಬಂದರೆ ಅವರಿಗೆ ಜಾಗ.

ಗೇಟಿನ ಬಳಿ ಅವರು ಎಲ್ಲರ ಚೀಲ ಬಿಚ್ಚಿಸಿ ನೋಡಿದರು. ನನ್ನ ಹಾಲಿನ ಪ್ಯಾಕೆಟ್ಟು, ಸುತಳಿ, ಮೋಂಬತ್ತಿ, ಪೇಪರು ಎಲ್ಲ ಸಿಮೆಂಟು ಕಟ್ಟೆಯ ಮೇಲೆ ಸಾಲಾಗಿ ಕೂತವು. ಕಡೆಗೆ ಲಂಗ ಬಂತು. ನೆಗೆಣ್ಣಿ ಬಾಯಿಗೆ ಸೆರಗಿಲ್ಲದ್ದಕ್ಕೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು.

‘ಅಕ್ಕಾರ, ಪ್ರವಾಸಕ್ಕ ಹೊಂಟೀರೋ, ಬಾಣಂತನಕ್ಕ ಹೊಂಟೀರೋ?’

ಕನ್ನಡ ಬಾರದವರೂ ನಕ್ಕರು. ಅವಳ ಚೀಲದಲ್ಲಿ ಎಲ್ಲವೂ ಹೊಸದು, ಎಲ್ಲವೂ ಪ್ಯಾಕೆಟ್ಟಿನದು. ತಿನ್ನುವ ಸಾಮಾನು ಮಾತ್ರ ಏನೂ ಇರಲಿಲ್ಲ. ಅದನ್ನು ನಾನು ನೋಡಿದೆ, ಕಾಕಾ ನೋಡಲಿಲ್ಲ. ಜಂಬಕ್ಕೆ ಊಟ ಬೇಡವೇನೋ ಎಂದುಕೊಂಡು ಸುಮ್ಮನಾದೆ. ಲಂಗವನ್ನು ಮಡಿಸಿ ಮತ್ತೆ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡೆ.

ಏಪ್ರಿಲಿನ ಮುಂಬಯಿಯ ಸೆಕೆ ಬಲ್ಲವರೇ ಬಲ್ಲರು. ಡಾಂಬರು ರಸ್ತೆಯ ಎರಡೂ ಕಡೆ ಎಲೆ ಉದುರಿದ ತೇಗದ ಮರಗಳು, ನೆರಳೆಂಬುದು ಹೆಸರಿಗೆ. ಉಳಿದವರೆಲ್ಲ ಗುಂಪು ಗುಂಪಾಗಿ ಮುಂದೆ ಹೋದರು. ಅವಳು ನನ್ನ ಜೊತೆಜೊತೆಗೇ ಬಂದು, ಮೊದಲ ಏರಿನಲ್ಲಿ ‘ಬರ್ತೀನ್ರೀ ಅಕ್ಕಾರ’ ಎಂದು ಹೇಳಿ ದಾಟಿಕೊಂಡು ಹೋದಳು. ಆಮೇಲೆ ಗುಹೆಗಳ ಹತ್ತಿರ ಕಂಡಳು. ನೀರು ಕುಡಿಯುತ್ತಿದ್ದಳು. ಸೌತೆಕಾಯಿ ಮಾರುವ ಹೆಂಗಸು ಉಪ್ಪು ಖಾರ ಸವರಿ ಮುಂದೆ ಹಿಡಿದದ್ದಕ್ಕೆ ಕೈಯಾಡಿಸಿ ಬೇಡವೆಂದಳು. ನಾನು ಎರಡು ಕೊಂಡು ಅವಳೆದುರೇ ಕರಕರ ಎಂದು ತಿಂದು ಮುಂದೆ ನಡೆದೆ. ಈಗ ನಾನು ಮುಂದೆ ಇದ್ದೆ. ನೆತ್ತಿ ಮುಟ್ಟುವಾಗಲೂ ನಾನೇ ಮುಂದೆ ಇದ್ದೆ. ಅಲ್ಲಿ ಕಾಕಾನ ಸಹಾಯಕ ನನ್ನ ಕೈಗೆ ಒಂದು ಚೀಟಿ ಕೊಟ್ಟ, ಮೇಲೆ ಮುಟ್ಟಿದ್ದಕ್ಕೆ ಗುರುತು. ಮೇಲಿನಿಂದ ಮುಂಬಯಿ ಕಂಡಿತು. ಬಿಲ್ಡಿಂಗು, ಬಿಲ್ಡಿಂಗು, ಆಚೆ ಮಬ್ಬು. ನನಗೆ ಹಿಮವೇ ಕಂಡಷ್ಟು ಖುಷಿಯಾಯಿತು. ಜಾಗ ನನ್ನದು ಎಂದು ಬಾಯಿಬಿಟ್ಟೇ ಹೇಳಿಕೊಂಡೆ.

ಇಳಿಯುವಾಗ ಅವಳು ಎದುರಾದಳು, ಹತ್ತುತ್ತಿದ್ದಳು. ನನ್ನನ್ನು ನೋಡಿಯೂ ಏನೂ ಅನ್ನಲಿಲ್ಲ. ಅವಳು ಏನೂ ಅನ್ನಲಿಲ್ಲ ಎಂದರೆ ಏನೋ ಕೆಟ್ಟಿದೆ ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು. ನಾನು ದಾಟಿ ಬಂದು, ಬಂಡೆಯ ಸಂದಿನಲ್ಲಿ ಸ್ವಲ್ಪ ನೆರಳಿದ್ದ ಕಡೆ ಬೂಟಿನ ಕಲ್ಲು ತೆಗೆಯಲು ಕೂತೆ. ಕಾಲುಚೀಲ ಬದಲಾಯಿಸಿ ಏಳುವ ಹೊತ್ತಿಗೆ ಅವಳು ಚೀಟಿ ಹಿಡಿದು ಇಳಿದು ಬರುತ್ತಿದ್ದಳು. ಎರಡು ಹೆಜ್ಜೆ ನೆಟ್ಟಗೆ, ಮೂರನೆಯದು ವಾಲಾಟ. ನನ್ನ ಎದುರಿಗೇ ಕಾಲು ಸೆಟೆದು ಕುಸಿದಳು. ಚೀಲದ ಒಂದು ಪಟ್ಟಿ ಬಂಡೆಗೆ ಸಿಕ್ಕಿ ಹೊಲಿಗೆ ಬಿಟ್ಟುಕೊಂಡಿತು.

ಮೀನಖಂಡ ಎರಡೂ ಕಲ್ಲಾಗಿದ್ದವು. ಮುಖ ಬಿಳಿಚಿತ್ತು, ತುಟಿ ನಡುಗುತ್ತಿತ್ತು, ಬೆವರು ಮಾತ್ರ ಧಾರಾಕಾರ.

‘ಏನ್ ತಿಂದಿ ಬೆಳಿಗ್ಗಿಂದ?’ ಎಂದೆ.

‘ಇವತ್ತ ಸಂಕಷ್ಟಿ.’

ಅರ್ಥವಾಯಿತು. ಸಂಕಷ್ಟಿಯೆಂದರೆ ಚಂದ್ರ ಕಾಣುವ ತನಕ ಉಪವಾಸ. ನಮ್ಮ ಅತ್ತೆ ಹಾಕಿಕೊಟ್ಟ ವ್ರತ. ನಾನು ಎಂದೋ ಬಿಟ್ಟೆ, ಅವಳು ಬಿಡಲಿಲ್ಲ. ಬಿಡದಿರಲಿ, ಸಾಬೂದಾಣಿ ತಿನ್ನಬಹುದು, ಶೇಂಗಾ ತಿನ್ನಬಹುದು, ಬಾಳೆಹಣ್ಣು ತಿನ್ನಬಹುದು. ಇವಳು ಈ ಸಲ ಬರೀ ನೀರಿನ ಮೇಲೆ ಇರುತ್ತೇನೆ ಎಂದು ಬೇಡಿಕೊಂಡಿದ್ದಳು. ಯಾಕೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಗಣಪತಿಯನ್ನು ನನ್ನ ಮೇಲೆ ಎತ್ತಿ ಕಟ್ಟಲು ನೋಡಿದ್ದಳು. ಬೆಳಗಿನಿಂದ ಸುರಿದ ಬೆವರಿಗೆ ಬರೀ ನೀರು ಕುಡಿದೂ ಕುಡಿದೂ ಮೈಯಲ್ಲಿನ ಉಪ್ಪೆಲ್ಲ ತೊಳೆದುಹೋಗಿತ್ತು.

ಆ ಹೊತ್ತಿಗೆ ಮೇಲೂ ಯಾರೂ ಇರಲಿಲ್ಲ, ಕೆಳಗೂ ಯಾರೂ ಕಾಣಲಿಲ್ಲ. ಚೀಟಿ ಕೊಡುವವನು ಇನ್ನೊಂದು ದಾರಿಯಿಂದ ಇಳಿದುಹೋಗಿದ್ದ. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಮನಸ್ಸಿನಲ್ಲಿ ಏನಿತ್ತೋ ಹಾಗೇ ಬರೆಯುತ್ತೇನೆ. ಗುಹೆಗಳ ತನಕ ಇಳಿದು ಯಾರಿಗಾದರೂ ಹೇಳಿ ಕಳಿಸಿದರೆ ಸಾಕು, ನಾನು ಹಾಗೇ ಗೇಟಿಗೆ ನಡೆದುಬಿಡಬಹುದು, ಯಾರೂ ನನ್ನನ್ನು ತಪ್ಪು ಎನ್ನುವಂತಿಲ್ಲ. ಒಂದೆರಡು ಹೆಜ್ಜೆ ಇಳಿದೂ ಇದ್ದೆ. ಅವಳು ಹಿಂದೆ ವಾಂತಿ ಮಾಡುವ ಸದ್ದು ಕೇಳಿತು. ಬರೀ ನೀರು. ಸುಡುಗಾಡು ಜನ್ಮ ನನ್ನದು ಎಂದು ಬೈದುಕೊಂಡು ವಾಪಸ್ ಹತ್ತಿದೆ.

ಧೋತರದ ತುಂಡನ್ನು ನೀರಿನಲ್ಲಿ ಅದ್ದಿ ಅವಳ ನೆತ್ತಿಗೆ ಹಾಕಿದೆ. ಲಂಗವನ್ನು ಎರಡು ಪೊದೆಗಳ ನಡುವೆ ಸುತಳಿಯಿಂದ ಕಟ್ಟಿ ಮುಖಕ್ಕೆ ನೆರಳು ಮಾಡಿದೆ. ಬಾಣಂತನದ ಲಂಗ. ಆಮೇಲೆ ಉಪ್ಪಿನ ಡಬ್ಬಿಯನ್ನು ಮುಂದೆ ಹಿಡಿದೆ, ಮೊದಲು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊ ಎಂದು.

‘ಕೈಯಾಗ ಕೊಡಬ್ಯಾಡ್ರಿ, ಕೆಳಗ ಇಡ್ರಿ,’ ಎಂದಳು ಕಣ್ಣು ಮುಚ್ಚಿಕೊಂಡೇ. ‘ಉಪ್ಪು ಕೈಯಾಗ ಕೊಟ್ರ ಜಗಳ ಆಕ್ಕತಿ.’

‘ಇನ್ನ ಯಾವ ಜಗಳ ಬಾಕಿ ಐತಿ ನಮ್ಮ ನಡುವ? ಹೇಳು, ಅದನ್ನೂ ಮುಗಿಸಿಬಿಡೂಣು.’

ಆದರೂ ಕೆಳಗಿಟ್ಟೆ. ಅಭ್ಯಾಸ. ಅವಳು ಡಬ್ಬಿಯನ್ನು ಮುಟ್ಟಲಿಲ್ಲ. ಉಪವಾಸಕ್ಕೆ ಸಾದಾ ಉಪ್ಪು ನಡೆಯುವುದಿಲ್ಲ, ಸೈಂಧವ ಉಪ್ಪೇ ಆಗಬೇಕು ಎಂಬುದು ನನಗೂ ಗೊತ್ತು. ಜೋಗೇಶ್ವರಿಯ ಆ ಮನೆಯಲ್ಲಿ ಎರಡು ಉಪ್ಪಿನ ಡಬ್ಬಿಗಳಿದ್ದವು, ಉಪವಾಸದ ಡಬ್ಬಿಗೆ ಸಾದಾ ಚಮಚ ತಾಕಿಸಿದ್ದಕ್ಕೆ ಅತ್ತೆ ನನ್ನನ್ನು ಒಂದು ವಾರ ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಬರೀ ನೀರಿನ ವ್ರತಕ್ಕೆ ಸೈಂಧವವೂ ಸಲ್ಲುವುದಿಲ್ಲ ಎಂದು ಈಗ ಇವಳು ವಾದ ಮಾಡುತ್ತಾಳೇನೋ ಎಂದುಕೊಂಡೆ. ವಾದ ಮಾಡುವ ಶಕ್ತಿ ಅವಳಲ್ಲಿ ಇರಲಿಲ್ಲ. ಕಾಲು ಮತ್ತೆ ಸೆಟೆಯಿತು, ಹಲ್ಲು ಕಚ್ಚಿಕೊಂಡಳು.

‘ಇದು ಉಪಾಸದ ಉಪ್ಪು ಏನ್ರೀ?’ ಎಂದು ಕೇಳಿದಳು.

‘ಹೂಂ, ಉಪಾಸದ್ದ,’ ಎಂದೆ. ಹಸಿ ಸುಳ್ಳು. ನನಗೆ ಇವತ್ತಿಗೂ ಅದರ ಬಗ್ಗೆ ಕಿಂಚಿತ್ತೂ ನಾಚಿಕೆಯಿಲ್ಲ.

ನನ್ನ ಬಾಟಲಿಯ ನೀರಿಗೆ ಉಪ್ಪು, ಸಕ್ಕರೆ ಹಾಕಿ ಕುಲುಕಿ ಕೊಟ್ಟೆ. ಒಂದು ಗುಟುಕು ಕುಡಿದಳು. ಕಣ್ಣು ತೆರೆದು ನನ್ನನ್ನೇ ನೋಡಿದಳು. ಅಷ್ಟು ವರ್ಷ ಉಪವಾಸ ಮಾಡಿದ ನಾಲಿಗೆ, ಅದಕ್ಕೆ ಉಪ್ಪಿನ ಗುರುತು ಸಿಕ್ಕದೇ ಇರುತ್ತದೆಯೇ.

‘ಇದು ಸಾದಾ ಉಪ್ಪು.’

‘ಹೌದು.’

‘ನೀವು ಉಪಾಸದ್ದು ಅಂತ ಹೇಳಿದ್ರಿ. ನಾ ನಿಮ್ಮ ಮಾತ ನಂಬಿ ಕುಡದೀನಿ. ಈ ಪಾಪ ನಿಮಗ ಹತ್ತತೈತಿ, ನನಗಲ್ಲ.’

‘ಹತ್ತಲಿ. ಕುಡಿ.’

ಪಾಪ ನನ್ನ ತಲೆಗೆ ಬಂತು ಎಂದು ಖಾತ್ರಿಯಾದದ್ದೇ ತಡ, ಬಾಟಲಿ ಎತ್ತಿ ನಿಧಾನವಾಗಿ ಪೂರ್ತಿ ಕುಡಿದಳು. ಇನ್ನೊಂದು ಬಾಟಲಿ ಮಾಡಿಕೊಟ್ಟೆ. ಅದನ್ನೂ ಕುಡಿದಳು. ಕೊನೆಗೆ ನನ್ನ ಬುತ್ತಿಯಲ್ಲಿದ್ದ ಶೇಂಗಾ ಉಂಡಿಯನ್ನೂ ಕೇಳಿ ತಿಂದಳು. ಹೇಗೂ ಲೆಕ್ಕ ನನ್ನ ಹೆಸರಿಗೇ ತಾನೇ. ಅವಳು ಕುಡಿಯುವಷ್ಟು ಹೊತ್ತು ನಾನು ಸುಮ್ಮನೆ ಕೂರಲಾಗದೆ ಕೌದಿ ದಾರ ತೆಗೆದು ಅವಳ ಚೀಲದ ಪಟ್ಟಿ ಹೊಲಿದೆ. ಒಳಗೊಮ್ಮೆ ಹೊರಗೊಮ್ಮೆ ದಾರ ತಿರುಗಿಸಿ ಅಡ್ಡ ಹೊಲಿಗೆ ಹಾಕಿದೆ. ಅದು ಇನ್ನು ಹರಿಯುವ ಹೊಲಿಗೆಯಲ್ಲ. ಹೊಲಿಯುತ್ತ ಬಾಯಿಗೆ ಬಂದಂತೆ ಬೈದೆ. ದೇವರ ಹೆಸರಿನಲ್ಲಿ ಸಾಯಲು ಬಂದಿದ್ದೀಯಾ, ನಾಳೆ ನಿನ್ನ ಗಂಡ ನನ್ನನ್ನು ಕೇಳುತ್ತಿದ್ದ, ಊರ ಜನ ನಾನೇ ತಳ್ಳಿದೆ ಎನ್ನುತ್ತಿದ್ದರು ಎಂದೆಲ್ಲ. ಅವಳು ಕೇಳಿಸಿಕೊಂಡಳು, ಉಂಡಿ ಅಗಿಯುತ್ತ.

ಅರ್ಧ ಗಂಟೆ ಆಗಿರಬೇಕು. ಮುಖಕ್ಕೆ ಬಣ್ಣ ಬಂತು, ಕಾಲು ಮೆತ್ತಗಾಯಿತು. ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು ನೋಡಿದಳು, ಕಾಲು ಮಡಿಸಿದಳು, ಚಾಚಿದಳು. ಚೀಲ ಬೆನ್ನಿಗೇರಿಸಿದಳು. ನಾನು ಬಂಡೆಯ ಮೇಲೆ ಹರಡಿದ್ದ ಸಾಮಾನನ್ನು ಒಂದೊಂದಾಗಿ ಎತ್ತಿಡುತ್ತಿದ್ದೆ. ಲಂಗ ಬಿಚ್ಚಲು ನಾನು ಪೊದೆಯ ಕಡೆ ತಿರುಗಿದ್ದೇ, ಒಂದು ದೊಡ್ಡ ಮಂಗ ಬಂಡೆಯಿಂದ ಹಾರಿ ಬಂದು ಹಾಲಿನ ಪ್ಯಾಕೆಟ್ಟುಗಳ ಕಟ್ಟನ್ನೇ ಎತ್ತಿಕೊಂಡು ಹೋಯಿತು. ತಿನ್ನುವ ವಾಸನೆ ಬಂದಿತ್ತೇನೋ ಅದಕ್ಕೆ. ಮರದ ಮೇಲೆ ಕೂತು ಒಂದೊಂದನ್ನೂ ಮೂಸಿ, ಹರಿದು, ಕೆಳಗೆ ಬಿಸಾಡತೊಡಗಿತು.

ಒಂದು ಚೂರು ಪ್ಲಾಸ್ಟಿಕ್ಕೂ ಕಾಡಿನಲ್ಲಿ ಉಳಿಯಬಾರದು. ನಿಯಮ ಇಲ್ಲದಿದ್ದರೂ ನಾನು ಬಿಟ್ಟು ಬರುವವಳಲ್ಲ. ಮಕ್ಕಳಿಗೆ ವರ್ಷವಿಡೀ ಅದನ್ನೇ ಪಾಠ ಹೇಳಿ, ಮಂಗನ ಹೆಸರು ಹೇಳಿ ಬಿಟ್ಟು ಬರಲಿಕ್ಕಾಗುತ್ತದೆಯೇ. ಮುಳ್ಳುಕಂಟಿಯೊಳಗೆ ಕೈ ಹಾಕಿ ಹೆಕ್ಕತೊಡಗಿದೆ. ತಲೆ ಎತ್ತಿ ನೋಡಿದೆ. ಅವಳು ತಿರುವಿನಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಮಂಗವನ್ನೂ ನೋಡಿದಳು. ಬಂದು ಒಂದು ಕೈ ಹಾಕುತ್ತಾಳೆ ಎಂದುಕೊಂಡೆ, ನಿಜವಾಗಿ ಹಾಗೆಯೇ ಅಂದುಕೊಂಡೆ. ಅವಳು ಚೀಲದ ಪಟ್ಟಿಯನ್ನು ಎಳೆದು ಬಿಗಿ ಮಾಡಿಕೊಂಡು ತಿರುಗಿ ಇಳಿದುಹೋದಳು.

ಓಡಿದರೆ ಹಿಡಿಯಬಹುದಿತ್ತೇನೋ. ಆದರೆ ಮಂಗ ಇನ್ನೂ ಮುಗಿಸಿರಲಿಲ್ಲ. ಕಡೆಯ ಪ್ಯಾಕೆಟ್ಟಿನ ಚೂರು ಸಿಕ್ಕುವಾಗ ನನ್ನ ಎರಡೂ ಕೈಗಳಲ್ಲಿ ರಕ್ತ ಒಸರುತ್ತಿತ್ತು. ಡಾಂಬರು ರಸ್ತೆಯನ್ನು ನಾನು ಹೇಗೆ ನಡೆದೆನೋ ನೆನಪಿಲ್ಲ. ಬಾಯಿ ಮಾತ್ರ ಸುಮ್ಮನಿರಲಿಲ್ಲ. ನನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಕನ್ನಡದಲ್ಲಿ ಮುಗಿಸಿ ಮರಾಠಿಗೆ ಬಂದಿದ್ದೆ.

ಗೇಟಿನಲ್ಲಿ ಕಾಕಾ ನನ್ನ ಚೀಟಿ ನೋಡಿದರು, ಚೀಲ ನೋಡಿದರು, ಹರಿದ ಪ್ಯಾಕೆಟ್ಟುಗಳನ್ನು ನೋಡಿದರು. ನಿಮ್ಮ ನೆಗೆಣ್ಣಿ ಯಾವಾಗಲೋ ಬಂದಳು ಎಂದರು. ಎಲ್ಲ ಸಾಮಾನೂ ತಂದಿದ್ದೀರಿ, ಚೆನ್ನಾಗಿ ನಡೆದಿದ್ದೀರಿ, ಆದರೆ ಮೊದಲು ಬಂದವರಿಗೇ ಜಾಗ ಎಂದು ಹೇಳಿದ್ದೆನಲ್ಲ ಎಂದು ಬೇಸರದಿಂದಲೇ ಹೇಳಿದರು. ಅವಳು ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಅವಳ ಬಾಯಿಯನ್ನೇ ನೋಡಿದೆ. ಅವಳು ಬೂಟಿನ ಲೇಸು ಬಿಚ್ಚುತ್ತಿದ್ದಳು. ಅವಳು ಹೇಳದೇ ಇದ್ದದ್ದನ್ನು ನಾನು ಹೇಗೆ ಹೇಳಲಿ. ಹೇಳಿದರೆ ಉಪಕಾರ ಎಣಿಸಿ ಜಾಗ ಕೇಳಿದ ಹಾಗೆ. ನಾನೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಕೈಗೆ ಅರಿಶಿನ ಹಚ್ಚುತ್ತ ಮನೆಯವರು ‘ಕಾಕಾಗ ಒಂದ ಮಾತ ಹೇಳಬೇಕಿತ್ತಿಲ್ಲೋ’ ಎಂದರು.

‘ಏನಂತ ಹೇಳ್ಲಿ? ಭಿಕ್ಷೆ ಬೇಡ್ಲೇನು?’ ಎಂದು ಅವರ ಮೇಲೇ ಹರಿಹಾಯ್ದೆ. ಪಾಪ, ಅವರು ಅರಿಶಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ತಂಡ ಹೊರಡುವ ಹಿಂದಿನ ದಿನ ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆರೆದರೆ ನೆಗೆಣ್ಣಿ. ಗೋರೆಗಾಂವಿನಿಂದ ದಾದರಿಗೆ, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಮುಲುಂಡಿನ ಲೋಕಲ್ ಹಿಡಿದು, ಅಷ್ಟು ದೂರ ನನ್ನ ಮನೆಗೆ ಅವಳು ಬಂದದ್ದು ಅದೇ ಮೊದಲು. ಬೆನ್ನಿನ ಮೇಲೆ ಅದೇ ಚೀಲ. ಖಾಲಿ. ಜೊತೆಗೆ ಸಾಮಾನಿನ ಒಂದು ದೊಡ್ಡ ಕೈಚೀಲ. ಎರಡನ್ನೂ ಪಡಸಾಲೆಯ ನಡುವೆ ಇಟ್ಟಳು.

‘ಅಕ್ಕಾರ, ತುಂಬಿ ಕೊಡ್ರಿ. ನನಗ ತಿಳಿಯಂಗಿಲ್ಲ.’

ಈ ಸೊಕ್ಕಿಗೆ ಏನೆನ್ನಬೇಕು. ಬಾಗಿಲು ತೋರಿಸಿ ಕಳಿಸಬೇಕಿತ್ತು. ನನ್ನ ಜಾಗ ಕಸಿದುಕೊಂಡು, ನನ್ನ ಹೊಲಿಗೆಯ ಮೇಲೆ ನೇತು ಹಾಕಿಕೊಂಡು ಬಂದ ಚೀಲವನ್ನು ನನ್ನ ಕೈಯಿಂದಲೇ ತುಂಬಿಸಿಕೊಳ್ಳಲು ಬಂದಿದ್ದಳು. ಆದರೆ ಅವಳು ಕೈಚೀಲದಿಂದ ಹೊರಗೆ ತೆಗೆದಿಟ್ಟ ಸಾಮಾನು ನೋಡಿ ನನಗೆ ತಡೆಯಲಾಗಲಿಲ್ಲ. ಅಷ್ಟೂ ಕೆಲಸಕ್ಕೆ ಬಾರದ್ದು. ನೆಲದ ಮೇಲೆ ಕೂತೆ. ಗಾಳಿ ದಿಂಬನ್ನು ಆಚೆ ಎಸೆದೆ. ಟವೆಲ್ಲು ತೆಗೆದು ಧೋತರದ ಉಳಿದರ್ಧ ಹಾಕಿದೆ. ಸೂಜಿ, ದಾರ, ಸುತಳಿ, ಮೋಂಬತ್ತಿ. ಅಡುಗೆಮನೆಯ ಟೈಲ್ಸಿನಿಂದ ಹೊಸ ಪ್ಯಾಕೆಟ್ಟುಗಳನ್ನು ಕಿತ್ತು ತಂದೆ. ಭಾರದ್ದು ಬೆನ್ನಿಗೆ ಹತ್ತಿಕೊಂಡಿರಬೇಕು, ಹಗುರವಾದದ್ದು ಹೊರಗೆ, ಮಳೆಯ ಕೋಟು ಎಲ್ಲಕ್ಕಿಂತ ಮೇಲೆ ಎಂದು ಹೇಳಿ ಹೇಳಿ ತುಂಬಿದೆ. ಒಂದೊಂದನ್ನೂ ಯಾವಾಗ ಬಳಸಬೇಕು ಎಂದು ಅವಳ ಬಾಯಿಂದಲೇ ವಾಪಸ್ ಒಪ್ಪಿಸಿಕೊಂಡೆ, ತಪ್ಪಿದರೆ ಗದರಿದೆ. ನಾನು ಎಂದೂ ನಡೆಯದ ದಾರಿಯ ಚಳಿ, ಕೆಸರು, ಹಿಮ ಎಲ್ಲವನ್ನೂ ಅವಳ ಚೀಲದ ಮುಂದೆ ಕೂತು ಎಣಿಸಿದೆ. ಎಣಿಸುತ್ತಿದ್ದಂತೆ ಇನ್ನೂ ಜೋರಾಗಿ ಗದರಿದೆ.

ಜಿಪ್ಪು ಎಳೆದೆ. ಅವಳು ಎದ್ದು ಬೆನ್ನಿಗೇರಿಸಿಕೊಂಡಳು. ಬಾಗಿಲ ತನಕ ಹೋಗಿ ಅಲ್ಲೇ ನಿಂತಳು.

‘ನೀವು ಅವತ್ತ ನಿಲ್ಲಬಾರದಿತ್ತು, ಅಕ್ಕಾರ.’

ನಾನು ನೆಲದ ಮೇಲೆ ಬಿದ್ದಿದ್ದ ದಾರದ ತುಂಡು ಹೆಕ್ಕಿದೆ.

‘ನಾ ಆಗಿದ್ರ ನಿಲ್ತಿದ್ದಿಲ್ಲ.’

‘ಗೊತ್ತೈತಿ,’ ಎಂದೆ.

‘ನೀವು ಹೋಗಿಬಿಟ್ಟಿದ್ರ ಚೊಲೊ ಇತ್ತು. ಇನ್ನ ನಿಮ್ಮನ್ನ ನಾಕ ಮಂದ್ಯಾಗ ಆಡಿಕೊಳ್ಳಾಕ ನನಗ ಬಾಯಿ ಏಳಂಗಿಲ್ಲ.’

‘ನನಗ ಏಳತೈತಿ. ಹೋಗಿ ಬಾ.’

ಲಿಫ್ಟಿನ ಬಾಗಿಲು ಮುಚ್ಚುವ ಸದ್ದಾದ ಮೇಲೆ ಬಂದು ನೆಲದ ಮೇಲೆ, ಅವಳು ಬಿಟ್ಟುಹೋದ ಗಾಳಿ ದಿಂಬಿನ ಪಕ್ಕದಲ್ಲಿ ಕೂತೆ. ಅಳು ಬಂತು. ತಡೆಯಲಿಲ್ಲ. ಮನೆಯವರು ಚಹಾ ಮಾಡಿ ತಂದು ನನ್ನ ಮುಂದೆ ಇಟ್ಟರು, ತಾವೂ ಎದುರಿಗೆ ಕೂತರು. ‘ಆತು ಬಿಡು, ಬರೂ ವರ್ಷ…’ ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ, ಚಹಾ ಆರತೈತಿ, ಕುಡಿ ಎಂದರು.